ಅಪ್ಪನ ಸುತ್ತ ಒಂದು ಗುಂಟೆ ಹುಲ್ಲು

ನನಗೆ ಲೆಕ್ಕ ತಪ್ಪುವುದಿಲ್ಲ ಎಂಬ ಸೊಕ್ಕು ಮೊದಲಿನಿಂದಲೂ ಇದೆ. ವಾಡಿಯ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಅರ್ಧ ಆಯುಷ್ಯ ಕಳೆದವಳು ನಾನು. ಗಾಡಿ ಬಂದು ನಿಂತಿರುವಾಗ, ಕಿಟಕಿಯ ಸಣ್ಣ ಕಿಂಡಿಯಲ್ಲಿ ನಾಲ್ಕಾರು ಕೈಗಳು ಒಟ್ಟಿಗೇ ತೂರಿಕೊಂಡಿರುವಾಗ, ಯಾರಿಗೆ ಎಷ್ಟು ಚಿಲ್ಲರೆ ಎಂದು ಬಾಯಲ್ಲಿ ಬೈಯುತ್ತಲೇ ಮನಸ್ಸಿನಲ್ಲಿ ಕಳೆದು ಕೊಟ್ಟಿದ್ದೇನೆ. ಅಂಥವಳು ಒಂದು ಗುಂಟೆ ಜಾಗಕ್ಕೆ ಎಷ್ಟು ಹುಲ್ಲಿನ ಬೀಜ ಬೇಕು ಎನ್ನುವ ಲೆಕ್ಕದಲ್ಲಿ ಮುಗ್ಗರಿಸಿದೆ. ಮುಗ್ಗರಿಸಿದ್ದು ಅಪ್ಪನ ಸಮಾಧಿಯ ಮುಂದೆ. ಹಾಗಾಗಿ ಎದ್ದು, ಸೀರೆಯ ಮಣ್ಣು ಝಾಡಿಸಿಕೊಂಡು, ಏನೂ ಆಗಿಲ್ಲ ಅನ್ನುವ ಹಾಗೆ ಹೊರಟುಬಿಡಲು ಇವತ್ತಿಗೂ ಆಗಿಲ್ಲ.

ನನ್ನ ತವರು ಚಿಂಚೋಳಿ ತಾಲೂಕಿನ ಒಂದು ಹಳ್ಳಿ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಹೊಲ ಇದ್ದವರು ತಮ್ಮ ಹೊಲದಲ್ಲೇ ಹೂಳುತ್ತಾರೆ. ಅಪ್ಪನನ್ನೂ ಹೊಲದ ಮೂಲೆಯಲ್ಲಿ ವಿಭೂತಿ ಹಚ್ಚಿ, ಕೂರಿಸಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟೆವು. ಮೇಲೆ ಶಹಾಬಾದಿ ಕಲ್ಲಿನ ಸಣ್ಣ ಕಟ್ಟೆ ಕಟ್ಟಿಸಿದವನು ನನ್ನ ತಮ್ಮ. ಅದಕ್ಕೂ ಮುಂಚೆ, ಲಕ್ವಾ ಹೊಡೆದು ಮಾತು ಬಿದ್ದುಹೋಗಿ ಮಲಗಿದ್ದ ಅಪ್ಪನಿಗೆ ಉಣ್ಣಿಸಿದವರು, ತೊಳೆದವರು, ಮಗ್ಗುಲು ಬದಲಿಸಿದವರು ತಮ್ಮ ಮತ್ತು ಅವನ ಹೆಂಡತಿ. ನಾನು ಫೋನು ಮಾಡುತ್ತಿದ್ದೆ.

ದೂರವೇನೂ ಇರಲಿಲ್ಲ. ವಾಡಿಯಲ್ಲಿ ಬೆಳಗಿನ ಗಾಡಿ ಹತ್ತಿದರೆ ಚಿತ್ತಾಪುರ ದಾಟಿ ಸೇಡಂ, ಅಲ್ಲಿಂದ ಬಸ್ಸು. ಮಧ್ಯಾಹ್ನದ ಊಟದ ಹೊತ್ತಿಗೆ ಅಪ್ಪನ ಹಾಸಿಗೆಯ ಪಕ್ಕ ಕೂತಿರಬಹುದಿತ್ತು. ರಜೆ ಸಿಗುತ್ತಿರಲಿಲ್ಲ ಎಂದರೆ ಪೂರ್ತಿ ಸುಳ್ಳಲ್ಲ. ಸಿಕ್ಕ ರಜೆಯಲ್ಲೆಲ್ಲ ಹೋದೆ ಎಂದರೆ ಶುದ್ಧ ಸುಳ್ಳು. ಸಿಕ್ಕ ರಜೆಯಲ್ಲಿ ಕ್ವಾರ್ಟರ್ಸಿನಲ್ಲಿ ಬಟ್ಟೆ ಒಗೆದು ಹಾಕಿದೆ, ಟಿವಿ ನೋಡಿದೆ, ನಿದ್ದೆ ಮಾಡಿದೆ. ಓರೆಯಾದ ಆ ಬಾಯಿಯನ್ನು ನೋಡುವ ಧೈರ್ಯ ನನಗಿರಲಿಲ್ಲ. ನನ್ನ ಹೆಸರು ಹೇಳಲು ಹೋಗಿ ಅಪ್ಪ ತೊದಲಿದ್ದನ್ನು ಒಮ್ಮೆ ಕೇಳಿಸಿಕೊಂಡು ಬಂದ ಮೇಲೆ ಕಾಲು ಆ ಕಡೆಗೆ ಏಳಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ಮುಂಗಾರು ಶುರುವಾದಾಗ ಹೊಲಕ್ಕೆ ಹೋಗಿ ನೋಡಿದರೆ ಕಟ್ಟೆಯ ಸುತ್ತ ಬರೀ ಕೆಸರು. ನಮ್ಮದು ಕಪ್ಪು ಮಣ್ಣು. ಮಳೆಯಾದರೆ ಚಪ್ಪಲಿಗೆ ಎರಡೆರಡು ಸೇರು ಮೆತ್ತಿಕೊಂಡು ಬರುತ್ತದೆ, ಬಿಸಿಲಾದರೆ ಕೈ ತೂರುವಷ್ಟು ಬಿರಿಯುತ್ತದೆ. ಅಪ್ಪನನ್ನು ಈ ಕೆಸರಿನಲ್ಲಿ ಕೂರಿಸಿ ಹೋಗಿದ್ದೇವಲ್ಲ ಅನ್ನಿಸಿತು. ಗಟ್ಟಿಯಿದ್ದ ತನಕ ಅಪ್ಪ ಮೊಣಕಾಲವರೆಗೆ ಅದೇ ಕೆಸರಿನಲ್ಲಿ ಓಡಾಡಿದ್ದು ನೆನಪಿಗೆ ಬರಲಿಲ್ಲ. ನನಗೆ ನನ್ನ ಕೈಯಿಂದ ಏನಾದರೂ ಮಾಡಬೇಕಿತ್ತು. ಕಟ್ಟೆ ತಮ್ಮನದು, ಸೇವೆ ತಮ್ಮನದು, ತಿಥಿಯ ಅಡುಗೆ ಕೂಡ ಅವನದೇ. ನನ್ನ ಪಾಲಿಗೆ ಏನೂ ಉಳಿದಿರಲಿಲ್ಲ.

ವಾಡಿಯಲ್ಲಿ ಸಾಹೇಬರು ಇಳಿದುಕೊಳ್ಳುವ ಬಂಗಲೆಯ ಮುಂದೆ ಒಂದು ಲಾನ್ ಇದೆ. ಸುತ್ತ ಸಿಮೆಂಟ್ ಕಾರ್ಖಾನೆಯ ಧೂಳು ಕೂತು ಎಲ್ಲ ಬೂದಿ ಬಣ್ಣವಾಗಿದ್ದರೂ ಅದೊಂದು ಮಾತ್ರ ಹಸಿರು. ಅಪ್ಪ ಗಟ್ಟಿಯಿದ್ದಾಗ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನನ್ನಲ್ಲಿ ಉಳಿದಿದ್ದರು. ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋದೆ. ಅಪ್ಪ ಲಾನ್ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತವರೇ ಹೊಲದ ಕಳೆ ಕೀಳುವ ಹಾಗೆ ಹುಲ್ಲನ್ನು ಬೇರು ಸಮೇತ ಕೀಳತೊಡಗಿದರು. ಮಾಲಿ ದೂರದಿಂದ ಕೂಗಿದ. ನನಗೆ ನಾಚಿಕೆಯಾಗಿ ರಟ್ಟೆ ಹಿಡಿದು ಎಬ್ಬಿಸಿದೆ.

"ಏ, ಕರಕೀಗಿ ಯಾರರೆ ನೀರ್ ಹಾಕ್ತಾರೇನವ್ವ?" ಅಂದರು ಅಪ್ಪ, ನಗುತ್ತ.

"ಅದು ಕರಕಿ ಅಲ್ಲಪ, ಲಾನ್" ಅಂದೆ.

"ಹೌದಾ?" ಅಂದು ಅಪ್ಪ ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿ, ಬಿಸಾಡಿ, ಕೈ ಒರೆಸಿಕೊಂಡರು. ಮಗಳು ನೌಕರಿಯವಳು, ತಿಳಿದವಳು ಎಂದು ನಂಬಿಬಿಟ್ಟರು.

ಆ ಲಾನೇ ನನ್ನ ತಲೆಯಲ್ಲಿ ಕೂತಿತು. ತಮ್ಮನಿಗೆ, ಕಟ್ಟೆಯ ಸುತ್ತ ಒಂದು ಗುಂಟೆ ಬಿತ್ತದೆ ಬಿಡು, ಹುಲ್ಲು ಹಾಕಿಸುತ್ತೇನೆ ಅಂದೆ. ಅವನು, "ಬಿಡ್ತೀನಿ ತೊಗೊ ಅಕ್ಕ" ಅಂದ. ಅದು ತೊಗರಿ ಬಿತ್ತುವ ಜಾಗ. ಎತ್ತು ತಿರುಗಿಸಲು ಅನುಕೂಲವಾಗಿದ್ದ ಮೂಲೆ. ಅವನ ಆ ಒಂದು ಮಾತನ್ನೇ ನಾನು ಪೂರ್ತಿ ಒಪ್ಪಿಗೆ ಎಂದುಕೊಂಡೆ.

ಸೇಡಮಿನಲ್ಲಿ ಗಾಡಿ ಇಳಿದಾಗ ಬೀಜ ಗೊಬ್ಬರದ ಅಂಗಡಿಯೊಂದಕ್ಕೆ ಹೋದೆ. ಲಾನ್ ಬೀಜ ಅಂಗಡಿಯವನ ಹತ್ತಿರ ಇರಲಿಲ್ಲ. ಹೈದರಾಬಾದಿನಿಂದ ತರಿಸಿಕೊಡುತ್ತೇನೆ ಅಂದ.

"ಜಾಗಾ ಎಷ್ಟದರಿ ಅಕ್ಕಾರ?"

"ಒಂದು ಗುಂಟಾ."

"ಹಂಗಾರ ಒಂದು ಕಿಲೊ ಹಿಡೀರಿ."

ನನಗೆ ಎಲ್ಲಿತ್ತೋ ಸಿಟ್ಟು. ತೊಗರಿ ನಾಡಿನವಳು ನಾನು. ಎಕರೆಗೆ ನಾಲ್ಕು ಕಿಲೊ ತೊಗರಿ ಬಿತ್ತುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಎಕರೆಗೆ ನಲವತ್ತು ಗುಂಟೆ. ಅಂದಮೇಲೆ ಗುಂಟೆಗೆ ನೂರು ಗ್ರಾಮು. ಅದೂ ತೊಗರಿ ದಪ್ಪ ಕಾಳು, ಹುಲ್ಲಿನ ಬೀಜ ರಾಗಿಗಿಂತ ಸಣ್ಣದು. ನ್ಯಾಯವಾಗಿ ನೂರಕ್ಕಿಂತಲೂ ಕಡಿಮೆ ಸಾಕು.

"ಎಕರೆಗಿ ನಾಕು ಕಿಲೊ ತೊಗರಿ ಬಿತ್ತೋ ಮಂದಿ ನಾವು. ಗುಂಟಾಕ್ಕ ಕಿಲೊ ಅಂತೀಯಲ್ಲಪ, ಒಕ್ಕಲತನದವರ ಮಗಳಿಗೇ ಟೋಪಿ ಹಾಕ್ತೀಯೇನು?"

"ಟೋಪಿ ಯಾಕ್ ಹಾಕ್ಲರಿ, ಇದು ತೊಗರಿ ಅಲ್ಲಲ್ರಿ" ಅಂದ ಅವನು. ನಾನು ಕೇಳಿಸಿಕೊಳ್ಳಲಿಲ್ಲ. ಸಣ್ಣ ಪೊಟ್ಟಣ ತರಿಸು, ಬಡವರ ಹೊಟ್ಟೆ ಮೇಲೆ ಹೊಡೆಯಬೇಡ ಎಂದು ಇನ್ನೆರಡು ಮಾತು ಸೇರಿಸಿಯೇ ಬಂದೆ. ಕಿಟಕಿಯ ಹಿಂದೆ ಕೂತು ರೂಢಿಯಾದ ನಾಲಿಗೆ ಅದು.

ಪೊಟ್ಟಣ ಬಂತು. ಮೇಲೆ ಯಾವುದೋ ದೇಶದ ಆಟದ ಬಯಲಿನ ಚಿತ್ರ, ಅದರ ಕೆಳಗೆ ಬರ್ಮುಡಾ ಎಂದು ಹೆಸರು. ಅಪ್ಪನಿಗೆ ಪರದೇಶದ ಹುಲ್ಲು ಎಂದು ಮನಸ್ಸಿನಲ್ಲೇ ಹಿಗ್ಗಿದೆ. ತಮ್ಮ ಮಣ್ಣು ಹದ ಮಾಡಿಟ್ಟಿದ್ದ. ಬೀಜಕ್ಕೆ ಮರಳು ಬೆರೆಸಿ ನಾನೇ ಚೆಲ್ಲಿದೆ. ಎರಡು ವಾರದ ಮೇಲೆ ಹೋದಾಗ ಅಲ್ಲೊಂದು ಇಲ್ಲೊಂದು ಎಳೆ ಎದ್ದಿತ್ತು. ಬೋಳುತಲೆಯಲ್ಲಿ ಉಳಿದ ಕೂದಲಿನ ಹಾಗೆ ಕಾಣುತ್ತಿತ್ತು. ಮಳೆ ಕೈಕೊಟ್ಟ ದಿನಗಳಲ್ಲೆಲ್ಲ ತಮ್ಮನ ಹೆಂಡತಿ ಬಾವಿಯಿಂದ ಕೊಡ ಹೊತ್ತು ನೀರು ಹಾಕಿದ್ದಳು. ಅವಳಿಗೆ ಹೊಲದ ಕೆಲಸವೇ ಸಾಲದಷ್ಟಿತ್ತು. ನನಗದು ಗೊತ್ತಿತ್ತು. ಗೊತ್ತಿದ್ದೂ, ನೀರು ಸರಿಯಾಗಿ ಬಿದ್ದಿಲ್ಲ ಕಾಣುತ್ತದೆ ಎಂದು ಅವಳ ಮುಂದೆಯೇ ಅಂದೆ. ಅವಳು, "ಇನ್ನಷ್ಟು ಹಾಕ್ತೀನ್ರಿ ಅಕ್ಕಾರ" ಅಂದಳು. ಆ ಮಾತು ಈಗಲೂ ಎದೆಗೆ ಚುಚ್ಚುತ್ತದೆ.

ವಾಡಿಗೆ ಮರಳಿದ ಮೇಲೆ ಲೆಕ್ಕ ಮತ್ತೆ ಹಿಡಿದೆ. ಪೊಟ್ಟಣದಲ್ಲಿ ಉಳಿದಿದ್ದ ಚೂರು ಬೀಜ ತೆಗೆದು, ಹಳೆಯ ಪೇಪರಿನ ಮೇಲೆ ಅಡಿ ಉದ್ದ ಅಡಿ ಅಗಲದ ಚೌಕ ಗೀಚಿ, ಚಿಟಿಕೆಯಿಂದ ಉದುರಿಸಿದೆ. ಎರಡು ಕಾಳಿನ ನಡುವೆ ಬೆರಳು ಆಡದಷ್ಟು ಒತ್ತಾಗಿ ಬೀಳಬೇಕು. ಹಾಗೆ ಬೀಳಲು ಒಂದು ಚಿಟಿಕೆ ಪೂರ್ತಿ ಬೇಕಾಯಿತು. ಆ ಚಿಟಿಕೆಯ ತೂಕ ಎಷ್ಟು? ಕಿರಾಣಿ ಅಂಗಡಿಯ ತಕ್ಕಡಿ ಅಷ್ಟು ಸಣ್ಣದನ್ನು ತೂಗುವುದಿಲ್ಲ. ಬಜಾರಿನಲ್ಲಿ ನನ್ನ ಬೆಂಡೋಲೆ ಮಾಡಿಕೊಟ್ಟಿದ್ದ ಅಕ್ಕಸಾಲಿಗನ ಹತ್ತಿರ ಪೇಪರು ಮಡಚಿಕೊಂಡು ಹೋದೆ. ಅವನು ಬಂಗಾರದ ತಕ್ಕಡಿಯಲ್ಲಿ ಹುಲ್ಲಿನ ಬೀಜ ತೂಗುತ್ತ, "ಇದಕ್ಕೂ ಕೂಲಿ ಹಿಡೀಲ್ಯಾ?" ಎಂದು ಚೇಷ್ಟೆ ಮಾಡಿದ. ಹತ್ತಿರ ಹತ್ತಿರ ಒಂದು ಗ್ರಾಮು. ಗುಂಟೆಯೆಂದರೆ ಮೂವತ್ತಮೂರು ಅಡಿಗೆ ಮೂವತ್ತಮೂರು ಅಡಿ, ಸಾವಿರದ ಚಿಲ್ಲರೆ ಚೌಕಗಳು. ಅಂದರೆ ಒಂದು ಕಿಲೊ. ಅಂಗಡಿಯವನು ಅಂದಷ್ಟೇ.

ನನ್ನ ತಪ್ಪು ಆಗ ತಿಳಿಯಿತು. ತೊಗರಿಯಲ್ಲಿ ಗಿಡಕ್ಕೂ ಗಿಡಕ್ಕೂ ಜಾಗ ಬಿಡಬೇಕು. ಕಳೆ ತೆಗೆಯಲು ಸಾಲಿನ ನಡುವೆ ಎತ್ತು ಕಟ್ಟಿ ಎಡೆ ಹೊಡೆಯಬೇಕು. ಲಾನ್‍ಗೆ ಬೇಕಾದದ್ದು ಜಾಗವೇ ಇಲ್ಲದ ಹಾಗೆ ಬೀಳುವ ಬೀಜ. ಒಕ್ಕಲತನದವರ ಮಗಳು ಎಂದು ಎದೆ ತಟ್ಟಿಕೊಂಡವಳು ಹುಲ್ಲನ್ನು ಬೆಳೆಯ ಲೆಕ್ಕದಲ್ಲಿ ಬಿತ್ತಿದ್ದೆ. ಸೇಡಮಿಗೆ ಹೋಗಿ ಅಂಗಡಿಯವನ ಮುಂದೆ ಮುಖ ಸಣ್ಣದು ಮಾಡಿಕೊಂಡು ಕಿಲೊ ಬೀಜ ಕೇಳಿದೆ. ಅವನು ನಗಲಿಲ್ಲ, ಅದೊಂದು ಪುಣ್ಯ.

ಈ ಸಲ ಒತ್ತಾಗಿ ಎದ್ದಿತು. ಶ್ರಾವಣದ ಮಳೆಗೆ ಕಟ್ಟೆಯ ಸುತ್ತ ಹಸಿರು ಹಚ್ಚಡ ಹಾಸಿದಂತಾಯಿತು. ನಾನು ಎರಡು ವಾರಕ್ಕೊಮ್ಮೆ ಹೋಗುತ್ತಿದ್ದವಳು ಭಾನುವಾರ ಭಾನುವಾರ ಹೋಗತೊಡಗಿದೆ. ಪಾಳಿ ಅದಲು ಬದಲು ಮಾಡಿಕೊಂಡು, ಗೆಳತಿಯರ ಕೈಕಾಲು ಹಿಡಿದು ರಜೆ ಗಿಟ್ಟಿಸಿದೆ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು, ಕಟ್ಟೆಗೆ ಒರಗಿ, ಬುತ್ತಿ ಬಿಚ್ಚಿ ತಿಂದೆ. ಅಪ್ಪನ ಜೊತೆ ಊಟ ಮಾಡಿದಂತೆ ಅನ್ನಿಸುತ್ತಿತ್ತು. ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಸರಿದಿತ್ತು. ತಮ್ಮ ಬಂದು ನೋಡಿ, "ಛಲೋ ಎದ್ದದ" ಎಂದಷ್ಟೇ ಅಂದು ಎತ್ತಿನ ಕಡೆಗೆ ಹೋಗುತ್ತಿದ್ದ. ಹೊಟ್ಟೆಕಿಚ್ಚು ಇರಬಹುದು ಎಂದು ಕೂಡ ಒಮ್ಮೆ ಯೋಚಿಸಿದೆ. ಅಷ್ಟು ನೀಚಳಾಗಿದ್ದೆ.

ತೊಗರಿ ಹೂ ಬಿಟ್ಟ ಕಾಲ. ಒಂದು ಬುಧವಾರ ಅಚಾನಕ್ಕಾಗಿ ರಜೆ ಸಿಕ್ಕಿತು. ಯಾರಿಗೂ ಹೇಳದೆ ಹೊರಟು ನೇರವಾಗಿ ಹೊಲಕ್ಕೇ ಹೋದೆ. ತಮ್ಮನ ಹೆಂಡತಿ ನನ್ನ ಲಾನ್‍ನ ಅಂಚಿನಲ್ಲಿ, ತೊಗರಿ ಶುರುವಾಗುವಲ್ಲಿ, ಕುಕ್ಕರಗಾಲಲ್ಲಿ ಕೂತು ಖುರ್ಪಿಯಿಂದ ನೆಲ ಅಗೆಯುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ತುಂಬ ಬಿಳಿ ಬೇರು.

"ಏನ್ ಮಾಡಾಕತ್ತೀದಿ?" ಅಂದೆ.

ಅವಳು ಬೆಚ್ಚಿಬಿದ್ದು ಖುರ್ಪಿಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಏನಿಲ್ರಿ ಅಕ್ಕಾರ. ಬೇರು ತೊಗರ್ಯಾಗ ಹೊಂಟಾವ, ಅದಕ ತಗ್ಯಾಕತ್ತೀನಿ."

"ಯಾವ ಬೇರು?"

"ಕರಕೀದುರಿ."

"ಕರಕಿ ಎಲ್ಲಿಂದ ಬಂತು?"

ಅವಳು ನನ್ನನ್ನು ನೋಡಿದಳು, ಹುಲ್ಲನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡಳೇನೋ. "ನೀವೇ ಬಿತ್ತೀರಲ್ರಿ" ಅಂದಳು.

ನಾನು ಕೂತು ಒಂದು ಎಳೆ ಕಿತ್ತು ನೋಡಿದೆ. ಗಿಣ್ಣು ಗಿಣ್ಣಿಗೂ ಬೇರು, ನೆಲಕ್ಕಂಟಿ ಹರಿಯುವ ಬಳ್ಳಿ. ಕರಕಿಯೇ. ಬೇರೆ ಕಡೆಯವರು ಗರಿಕೆ ಅನ್ನುತ್ತಾರೆ, ಗಣಪತಿಗೆ ಏರಿಸುತ್ತಾರೆ. ನಮ್ಮ ಕಪ್ಪು ಹೊಲದಲ್ಲಿ ಅದಕ್ಕಿಂತ ದೊಡ್ಡ ವೈರಿ ಇಲ್ಲ. ಒಮ್ಮೆ ಹೊಕ್ಕರೆ ಆಳದಿಂದ ಅಗೆದು ತೆಗೆಯಬೇಕು, ತುಣುಕು ಉಳಿದರೂ ಮಳೆಗೆ ಮತ್ತೆ ಏಳುತ್ತದೆ. ಅಪ್ಪ ಈ ಹೊಲ ಹಿಡಿದಾಗ ಇಡೀ ಹೊಲದಲ್ಲಿ ಕರಕಿಯೇ ತುಂಬಿತ್ತಂತೆ. ವರ್ಷಗಟ್ಟಲೆ ಬೇಸಿಗೆಯ ಬಿಸಿಲಲ್ಲಿ ಕಡಿದು ಕಡಿದು ತೆಗೆದರಂತೆ. ಅವರ ಬೆನ್ನು ಬಾಗಿದ್ದು ಅದರಿಂದಲೇ ಎಂದು ಅವ್ವ ಹೇಳುತ್ತಿದ್ದಳು. ಕರಕಿಯ ಬೀಜವನ್ನು ನಮ್ಮ ಕಡೆ ಯಾರೂ ಕಂಡವರಿಲ್ಲ, ಅದನ್ನು ಬಿತ್ತುವ ಹುಚ್ಚರು ಯಾರಿದ್ದಾರೆ? ಪೊಟ್ಟಣದ ಮೇಲೆ ಬರ್ಮುಡಾ ಎಂದಿದ್ದಕ್ಕೆ ಅದು ಬೇರೆ ಜಾತಿ ಎಂದು ನಂಬಿದ್ದೆ. ಇಷ್ಟು ಭಾನುವಾರ ಅದರ ಮೇಲೆ ಕೂತು ಉಂಡಿದ್ದೆ, ಒಮ್ಮೆ ಬಗ್ಗಿ ನೋಡಿದ್ದರೆ ಗುರುತು ಸಿಗುತ್ತಿತ್ತು. ಕರಕಿಗೆ ಯಾರಾದರೂ ನೀರು ಹಾಕುತ್ತಾರಾ ಎಂದು ಅಪ್ಪ ಕೇಳಿದ್ದು ನೆನಪಾಯಿತು. ಅಪ್ಪ ಸರಿಯಾಗಿಯೇ ಗುರುತಿಸಿದ್ದರು, ಅಲ್ಲ ಅಂದವಳು ನಾನು. ಅದನ್ನೇ ಕಿಲೊ ತೂಗಿಸಿ ತಂದು ಅವರ ಮೇಲೆ ಹಾಕಿದ್ದೆ.

"ಎಷ್ಟು ದಿನದಿಂದ ತಗ್ಯಾಕತ್ತೀದಿ?"

"ನೀವು ಐತಾರ ಬರ್ತೀರಲ್ರಿ, ಅದಕ ನಡುವಾರದಾಗ ಇಬ್ರೂ ಒಂದು ತಾಸು ತಗೀತೀವಿ. ನಿಮಗ ಗೊತ್ತಾಗಬಾರದು ಅಂದಾರ ಅವರು." ತಪ್ಪು ತನ್ನದೇ ಎಂಬಂತೆ ಅವಳು ತಲೆ ತಗ್ಗಿಸಿದಳು. ಆಮೇಲೆ, ನನಗೆ ಸಮಾಧಾನವಾಗಲಿ ಎಂದೇ ಇರಬೇಕು, "ಆದ್ರ ಈ ಹುಲ್ಲು ಬಿತ್ತಿದಾಗಿಂದ ನೀವು ತಪ್ಪದ ಬರಾಕತ್ತೀರಿ, ಛಲೋ ಆತು ನೋಡ್ರಿ. ಮಾವಾರು ಇದ್ದಾಗ ಬಸ್ಸಿನ ಸಪ್ಪಳ ಕೇಳಿದ್ರ ಸಾಕು, ನೀವು ಬಂದ್ರೇನೋ ಅಂತ ಬಾಗಿಲ ಕಡೀಗಿ ಕಣ್ಣು ತಿರುವತಿದ್ರು" ಅಂದಳು.

ಆ ಮಾತಿನಲ್ಲಿ ಒಂದಿಷ್ಟಾದರೂ ಕೊಂಕು ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇರಲಿಲ್ಲ. ನಾನು ಹುಲ್ಲಿನ ಮೇಲೆ ಕೂತು ಅತ್ತೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಊಟದ ಹೊತ್ತಿಗೆ ತಮ್ಮ ಬಂದ. ನನ್ನನ್ನೂ ಬುಟ್ಟಿಯನ್ನೂ ನೋಡಿ ಅವನಿಗೆ ಎಲ್ಲ ತಿಳಿಯಿತು. ಎಂದಿನಂತೆ ಸಿಟ್ಟನ್ನೇ ಮುಂದೆ ಮಾಡಿದೆ. "ಹೊಲ ಹಾಳಾಗ್ಲಿಕತ್ತದ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೀಯಲ್ಲ, ನಿನಗ ಬುದ್ಧಿ ಅದೇನು? ಎದ್ದ ದಿನಾನೇ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ?" ಅಂದ. "ಅಪ್ಪಗ ಕೈಗಿ ಕೆಲಸ ಇಲ್ದ ಬ್ಯಾಸರಾಗ್ಯಾದ ಅಂತ ನೀ ಕರಕಿ ತಂದು ಕೊಟ್ಟೀದಿ ಅಂದ್ಕೊಂಡೆ."

ಅವನ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. "ಖರೆ ಹೇಳು" ಅಂದೆ.

ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ನನ್ನ ಕಡೆ ನೋಡದೆ, "ಇದು ಕರಕಿ ಅಂತ ಹೇಳಿದ್ರ ನೀ ಅವತ್ತೇ ಕಿತ್ತು ಒಗೀತಿದ್ದಿ. ಕಿತ್ತ ಮ್ಯಾಲ ಮತ್ತ ಫೋನ್ ಮ್ಯಾಲೇ ಇರ್ತಿದ್ದಿ. ಹುಲ್ಲು ನೋಡಾಕರೆ ಬರ್ತೀದಲ್ಲ, ಎರಡು ಸಾಲು ತೊಗರಿ ಹೋದ್ರ ಹೋಗ್ಲಿ ಅಂದೆ" ಅಂದ.

ನಾನು ಖುರ್ಪಿ ಇಸಿದುಕೊಂಡು ಅಗೆಯಲು ಶುರುಮಾಡಿದೆ. ಅವರಿಬ್ಬರೂ ಸೇರಿಕೊಂಡರು. ಮೂವರೂ ಕುಕ್ಕರಗಾಲಲ್ಲಿ ಸರಿಯುತ್ತ, ಬೇರು ಹರಿಯದ ಹಾಗೆ ಹಿಂಬಾಲಿಸಿ ಎಳೆಯುತ್ತ, ಬುಟ್ಟಿ ತುಂಬಿಸಿ ಬದುವಿನಾಚೆ ಒಣಗಲು ಸುರಿದೆವು. ಅಭ್ಯಾಸ ತಪ್ಪಿದ ಅಂಗೈಯಲ್ಲಿ ಗುಳ್ಳೆ ಎದ್ದವು. ನೋವಾದಷ್ಟೂ ಒಳ್ಳೆಯದು ಅನ್ನಿಸಿತು; ಆ ಅನ್ನಿಸಿಕೆಯೂ ನನ್ನ ಸಮಾಧಾನಕ್ಕೇ ಎಂಬುದು ಹಿಂದೆಯೇ ಹೊಳೆಯಿತು. "ಹುಲ್ಲಿಲ್ಲಾಂದ್ರೂ ನಾ ಬರ್ತೀನಿ" ಅಂದೆ, ತಲೆ ಎತ್ತದೆ.

"ಬಾ" ಅಂದ ತಮ್ಮ.

ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ ಅದು. ಮರುದಿನ ಪಾಳಿ ತಪ್ಪಿಸಿ ನಾನು ಉಳಿದೆ, ಅದರ ಮರುದಿನವೂ ಉಳಿದೆ. ಕೊನೆಗೆ ಗುಂಟೆಯಷ್ಟೂ ಕಪ್ಪಗೆ ಕಂಡಿತು. ಕಟ್ಟೆಯ ಬಲಮಗ್ಗುಲಿಗೆ ಒಬ್ಬರು ಕೂರುವಷ್ಟು ಜಾಗದಲ್ಲಿ ಮಾತ್ರ ಹುಲ್ಲು ಉಳಿದಿತ್ತು. ಅದಕ್ಕೂ ಖುರ್ಪಿ ಹಾಕಲು ಹೋದಾಗ ತಮ್ಮ ನನ್ನ ಕೈ ಹಿಡಿದ.

"ಇಷ್ಟಿರ್ಲಿ ಬಿಡಕ್ಕ."

"ಹೊಲದಾಗ ಹೋಗ್ತದೋ."

"ಹೋದ್ರ ನಾ ತಗೀತೀನಿ."

ನಾನು ಬರುತ್ತೇನೆ ಅಂದದ್ದನ್ನು ಅವನು ನಂಬಿರಲಿಲ್ಲ. ಖುರ್ಪಿಯನ್ನು ಅವನ ಕೈಗೆ ಕೊಟ್ಟು, ಬಸ್ಸಿಗೆ ಹೊರಟೆ.